ಮಳೆ ಹಿಡಿಯುವ ಮೊದಲು ಸೌದೆ ಒಟ್ಟುವುದು ಹೇಗೆ: ಮಲೆನಾಡಿನ ಮನೆಗೊಂದು ಸಮಗ್ರ ಮಾರ್ಗದರ್ಶಿ

ಮೂಡಿಗೆರೆ ಕಡೆಯ ನಮ್ಮ ಮನೆಯಲ್ಲಿ ಗ್ಯಾಸ್ ಇದೆ, ಸೋಲಾರ್ ಇದೆ. ಆದರೂ ಆರಿದ್ರ ಮಳೆ ಹಿಡಿದ ಮೇಲೆ ಬಚ್ಚಲು ಒಲೆ ಉರಿಯದ ದಿನವಿಲ್ಲ. ಬಿಸಿಲೇ ಬೀಳದಿದ್ದರೆ ಸೋಲಾರ್ ಏನು ಮಾಡುತ್ತದೆ? ಮರ ಬಿದ್ದು ತಂತಿ ತುಂಡಾದರೆ ಕರೆಂಟಿಗೆ ಎರಡು ಮೂರು ದಿನ ಕಾಯಬೇಕು. ಮಳೆಗಾಲದಲ್ಲಿ ನಮಗೆ ಸ್ನಾನದ ಬಿಸಿನೀರು, ಮಕ್ಕಳ ಬಟ್ಟೆ ಒಣಗುವುದು, ತೋಟದಿಂದ ನೆಂದು ಬಂದವರು ಮೈ ಕಾಯಿಸಿಕೊಳ್ಳುವುದು ಎಲ್ಲವೂ ಸೌದೆಯಿಂದಲೇ.

ಒಂದು ವರ್ಷ ಸೌದೆ ಒಟ್ಟುವ ಕೆಲಸ ಮೊದಲ ಸಲ ನನ್ನ ಪಾಲಿಗೆ ಬಂತು. ಏಪ್ರಿಲ್‌ನಲ್ಲೇ ಅಂಗಳದ ಮೂಲೆಯಲ್ಲಿ ರಾಶಿ ಹಾಕಿದೆ. ಹೊಸ ಟಾರ್ಪಾಲು ತಂದು ನೆಲದವರೆಗೆ ಮುಚ್ಚಿದೆ. ಗಾಳಿಗೆ ಹಾರದಂತೆ ಸುತ್ತ ಕಲ್ಲು ಹೇರಿದೆ. ಒಂದು ಹನಿ ನೀರೂ ಒಳಗೆ ಹೋಗಲಾರದು ಎಂಬ ಧೈರ್ಯ ಇತ್ತು. ಜುಲೈನಲ್ಲಿ ತೆರೆದು ನೋಡಿದರೆ ಒಳಗೆಲ್ಲ ಬೂಷ್ಟು. ತಳದ ಸೌದೆಯಲ್ಲಿ ಅಣಬೆ ಎದ್ದಿತ್ತು. ಆ ತಿಂಗಳಿಡೀ ಬಚ್ಚಲುಮನೆಯಲ್ಲಿ ಹೊಗೆ, ಅಜ್ಜಿಗೆ ಕೆಮ್ಮು. ಅಜ್ಜಿ ಬೈಯಲಿಲ್ಲ. "ಸೌದೆಗೆ ಕೊಡೆ ಹಿಡೀಬೇಕು ಮಗಾ, ಕಂಬಳಿ ಹೊದಿಸಬಾರದು" ಅಂದರು. ಮುಂದಿನ ಬೇಸಿಗೆಯಲ್ಲಿ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು ಒಟ್ಟುವುದನ್ನು ಹೇಳಿಕೊಟ್ಟರು. ಇಲ್ಲಿರುವ ಹೆಚ್ಚಿನ ಪಾಠ ಅವರದ್ದು.

ಎಷ್ಟು ಬೇಕು, ಯಾವಾಗ ಶುರು ಮಾಡಬೇಕು

ಮೊದಲು ಲೆಕ್ಕ ಹಾಕಿ. ಒಂದು ದಿನಕ್ಕೆ ಬೇಕಾಗುವ ಸೌದೆಯನ್ನು ತಕ್ಕಡಿಯಲ್ಲಿ ತೂಗಿ ನೋಡಿ. ನಮ್ಮ ಬಚ್ಚಲು ಒಲೆಗೆ ದಿನಕ್ಕೆ ಸುಮಾರು 8 ಕಿಲೋ ಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ 120 ದಿನ ಅಂದುಕೊಂಡರೆ 960 ಕಿಲೋ. ಹತ್ತಿರ ಹತ್ತಿರ ಒಂದು ಟನ್.

ಇದಕ್ಕೆ ಎಷ್ಟು ಜಾಗ ಬೇಕು? ಒಂದೂವರೆ ಅಡಿ ಉದ್ದದ ತುಂಡುಗಳನ್ನು 8 ಅಡಿ ಅಗಲ, ನಾಲ್ಕೂವರೆ ಅಡಿ ಎತ್ತರಕ್ಕೆ ಒಟ್ಟಿದರೆ 54 ಘನ ಅಡಿ ಆಗುತ್ತದೆ. ಗಟ್ಟಿ ಜಾತಿಯ ಒಣ ಸೌದೆಯಾದರೆ ಅದು ಸುಮಾರು 600 ಕಿಲೋ ತೂಗುತ್ತದೆ. ಅಂದರೆ ಇಂಥ ಎರಡು ಸಾಲು ಇದ್ದರೆ ನಮಗೆ ಮಳೆಗಾಲ ದಾಟಿ ಸ್ವಲ್ಪ ಉಳಿಯುತ್ತದೆ. ಹಗುರ ಮರವಾದರೆ ಮೂರು ಸಾಲು ಬೇಕು.

ಕೆಲಸ ಶುರುವಾಗುವುದು ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ. ಜನವರಿ ಫೆಬ್ರವರಿಯಲ್ಲಿ ಕಡಿದ ಕೊಂಬೆಗೆ ಮೂರು ನಾಲ್ಕು ತಿಂಗಳ ಒಳ್ಳೆ ಬಿಸಿಲು ಸಿಗುತ್ತದೆ. ಕಾಫಿ ಹೂ ಅರಳಿಸುವ ಮಾರ್ಚ್ ಏಪ್ರಿಲ್‌ನ ಹೂಮಳೆಯಿಂದ ಏನೂ ತೊಂದರೆಯಿಲ್ಲ. ಅದು ಮೇಲ್ಮೈ ಮಾತ್ರ ನೆನೆಸುತ್ತದೆ, ಎರಡು ದಿನದಲ್ಲಿ ಆರುತ್ತದೆ. ಮೃಗಶಿರ ಮಳೆ ಹಿಡಿಯುವುದು ಜೂನ್ ಮೊದಲ ವಾರದ ಕೊನೆಗೆ. ಮೇ 20ರ ಒಳಗೆ ಸೌದೆ ಮಾಡಿನ ಕೆಳಗೆ ಸೇರಿರಬೇಕು ಎಂದು ನಾನು ಗಡುವು ಇಟ್ಟುಕೊಂಡಿದ್ದೇನೆ. ಮೇ ಕೊನೆಯಲ್ಲಿ ಹಸಿ ಸೌದೆ ತಂದು ಒಟ್ಟಿದರೆ ಅದು ಆ ವರ್ಷಕ್ಕೆ ಆಗುವುದಿಲ್ಲ. ಮುಂದಿನ ವರ್ಷದ ಸೌದೆ ಎಂದೇ ಬೇರೆ ಇಡಿ.

ಅರಸೀಕೆರೆ, ಕಡೂರು ಕಡೆಯವರಿಗೆ ಇಷ್ಟು ಧಾವಂತ ಇಲ್ಲ. ಅಲ್ಲಿ ಮಳೆ ಕಡಿಮೆ, ಸೌದೆ ಬೇಗ ಒಣಗುತ್ತದೆ. ತೆಂಗಿನ ಗರಿ, ಕರಟ, ಮಟ್ಟೆಯೇ ಅರ್ಧ ಉರುವಲು. ಅವರಿಗೆ ಕಾಟ ಜಾಸ್ತಿ ಗೆದ್ದಲಿನದ್ದು. ಆ ಮಾತು ತಳ ಹಾಕುವಲ್ಲಿ ಬರುತ್ತದೆ.

ಯಾವ ಮರ

ತೋಟ ಇದ್ದವರಿಗೆ ಸೌದೆ ಬರುವುದು ಮರಗಸಿಯಿಂದ (ನೆರಳು ಮರದ ಕೊಂಬೆ ಸವರುವ ಕೆಲಸ), ಬಿದ್ದ ಮರದಿಂದ, ಕಿತ್ತ ಕಾಫಿ ಗಿಡದಿಂದ. ನೇರಳೆ, ಮತ್ತಿ, ಜಂಬೆ ನಿಧಾನ ಉರಿದು ಒಳ್ಳೆ ಕೆಂಡ ಕೊಡುತ್ತವೆ. ಸಿಲ್ವರ್ ಓಕ್ ಬೇಗ ಹತ್ತುತ್ತದೆ, ಬೇಗ ಮುಗಿಯುತ್ತದೆ. ಹಾಲುವಾಣ ಹೆಚ್ಚುಕಡಿಮೆ ಬೆಂಡಿನಂತೆ. ಒಣಗಿದರೂ ಕಾವಿಲ್ಲ, ನೆನೆದರೆ ಕೊಳೆಯುತ್ತದೆ. ಅದನ್ನು ಒಟ್ಟುವ ಶ್ರಮ ಬೇಡ. ಬೇಸಿಗೆಯಲ್ಲೇ ಉರಿಸಿ ಮುಗಿಸಿ.

ನನಗೆ ಎಲ್ಲಕ್ಕಿಂತ ಇಷ್ಟ ಹಳೆ ಕಾಫಿ ಗಿಡದ ಬೊಡ್ಡೆ. ಗಟ್ಟಿ, ಭಾರ. ರಾತ್ರಿ ಒಂದು ಬೊಡ್ಡೆ ನೂಕಿಟ್ಟರೆ ಬೆಳಿಗ್ಗೆ ಬೂದಿ ಕೆದಕಿದಾಗ ಕೆಂಡ ಇರುತ್ತದೆ. ಆದರೆ ಅರೇಬಿಕಾ ತೋಟದವರು ಒಂದು ವಿಷಯ ಗಮನಿಸಬೇಕು. ಬಿಳಿ ಕಾಂಡಕೊರಕ ಹಿಡಿದು ಕಿತ್ತ ಗಿಡವನ್ನು ಹಾಗೆಯೇ ಸೌದೆ ಕೊಟ್ಟಿಗೆಗೆ ತರಬೇಡಿ. ಕಾಂಡದ ಒಳಗಿನ ಹುಳ ಅಲ್ಲೇ ಬೆಳೆದು ದುಂಬಿಯಾಗಿ ಹೊರಗೆ ಬರುತ್ತದೆ. ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್, ಇವು ಆ ದುಂಬಿ ಹಾರುವ ಕಾಲ. ನಮ್ಮ ಸೌದೆ ರಾಶಿಯಿಂದಲೇ ನಮ್ಮ ತೋಟಕ್ಕೆ, ಪಕ್ಕದವರ ತೋಟಕ್ಕೆ ಹುಳ ಹಂಚಿದಂತಾಗುತ್ತದೆ. ಅಂಥ ಗಿಡವನ್ನು ಕಿತ್ತ ಕೂಡಲೇ ಸುಡಬೇಕು. ಸೌದೆಗೆ ಬೇಕೇ ಬೇಕು ಅಂದರೆ ವಾರದಿಂದ ಹತ್ತು ದಿನ ಕೆರೆ ನೀರಲ್ಲಿ ಪೂರ್ತಿ ಮುಳುಗಿಸಿಟ್ಟು ಆಮೇಲೆ ಒಣಗಿಸಿ.

ಚೇರು ಮರ ಒಲೆಗೆ ಬೇಡ. ಅದರ ಸೊನೆ ತಾಗಿದರೆ ಮೈಯೆಲ್ಲ ಬೊಬ್ಬೆ ಏಳುತ್ತದೆ, ಹೊಗೆಯೂ ಕೆಟ್ಟದ್ದು. ಬಣ್ಣ ಬಳಿದ ಹಳೆ ಬಾಗಿಲು, ಪ್ಲೈವುಡ್ ತುಂಡು ಇವನ್ನೂ ಸೌದೆಯ ಜೊತೆ ಸೇರಿಸಬೇಡಿ. ಸೌದೆಗೆಂದು ನಿಂತ ಮರ ಕಡಿಯುವ ಯೋಚನೆ ಇದ್ದರೆ ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ನಮ್ಮದೇ ಜಾಗದ ಮರವಾದರೂ ಎಷ್ಟೋ ಜಾತಿಗೆ ಅನುಮತಿ ಬೇಕು.

ತುಂಡು ಮಾಡಿ, ಸೀಳಿ

ಹಸಿ ಮರದ ತೂಕದಲ್ಲಿ ಸುಮಾರು ಅರ್ಧದಷ್ಟು ನೀರೇ ಇರಬಹುದು. ಒಲೆಗೆ ಹಾಕುವಾಗ ಅದು 20ಕ್ಕಿಂತ ಕೆಳಗೆ, ಅಂದರೆ ನೂರು ಕಿಲೋದಲ್ಲಿ 20 ಕಿಲೋಗಿಂತ ಕಡಿಮೆ ಇರಬೇಕು. ಇಲ್ಲದಿದ್ದರೆ ಬೆಂಕಿಯ ಕಾವು ಹಂಡೆಯ ನೀರಿಗಿಂತ ಮೊದಲು ಸೌದೆಯ ನೀರು ಕುದಿಸುವುದರಲ್ಲೇ ಖರ್ಚಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ ಅಸ್ತ್ರ ಒಲೆ ನಮ್ಮ ರಾಜ್ಯದ ಎಷ್ಟೋ ಹಳ್ಳಿ ಮನೆಗಳಿಗೆ ಬಂತು. ಸೌದೆ ಉಳಿಸುವ, ಹೊಗೆ ಹೊರಗೆ ಕಳಿಸುವ ಒಳ್ಳೆ ಒಲೆ ಅದು. ಹಸಿ ಸೌದೆ ಹಾಕಿದರೆ ಅದೂ ಹೊಗೆ ಕಾರುತ್ತದೆ.

ನೀರು ಮರದಿಂದ ಹೊರಗೆ ಹೋಗುವುದು ಹೆಚ್ಚಾಗಿ ಕತ್ತರಿಸಿದ ತುದಿಗಳಿಂದ. ನಾರಿನ ಉದ್ದಕ್ಕೆ ಅದು ಸರಾಗ ಹರಿಯುತ್ತದೆ. ಪಕ್ಕದಿಂದ ಹೊರಗೆ ಬರುವುದು ತುಂಬಾ ನಿಧಾನ, ತೊಗಟೆ ಇದ್ದರೆ ಇನ್ನೂ ನಿಧಾನ. ಅದಕ್ಕೇ ಉದ್ದ ಕೊರಡುಗಳನ್ನು ಹಾಗೇ ಬಿಟ್ಟರೆ ವರ್ಷವಾದರೂ ಒಳಗೆ ಹಸಿಯೇ. ಒಲೆಯ ಬಾಯಿಗೆ ಹೊಂದುವಂತೆ ಒಂದೂವರೆ ಅಡಿಗೆ ತುಂಡು ಮಾಡಿ. ಎಲ್ಲ ತುಂಡೂ ಒಂದೇ ಅಳತೆ ಇರಲಿ. ಒಂದು ಕೋಲಿಗೆ ಗುರುತು ಹಾಕಿಕೊಂಡು ಅದರಂತೆ ಕೊಯ್ಯಿಸಿ. ಅಳತೆ ಸರಿ ಇದ್ದರೆ ಒಟ್ಟು ಗಟ್ಟಿ ನಿಲ್ಲುತ್ತದೆ, ನೋಡಲೂ ಚೆಂದ.

ತೋಳಿಗಿಂತ ದಪ್ಪ ಇರುವುದನ್ನೆಲ್ಲ ಸೀಳಬೇಕು. ಮೂರು ನಾಲ್ಕು ಇಂಚು ದಪ್ಪದ ಚಕ್ಕೆ ಸಾಕು. ಹೆಚ್ಚಿನ ಮರಗಳು ಹಸಿ ಇದ್ದಾಗಲೇ ಸುಲಭವಾಗಿ ಸೀಳುತ್ತವೆ, ಒಣಗಿದ ಮೇಲೆ ಕೊಡಲಿ ಎಗರುತ್ತದೆ. ಗಂಟಿರುವ ಕೊರಡಿಗೆ ಕಬ್ಬಿಣದ ಬೆಣೆ ಹೊಡೆಯಿರಿ. ಬರಿಗಾಲಲ್ಲಿ ಸೀಳಬೇಡಿ. ಹಿಂದೆ ಮಕ್ಕಳು ನಿಂತಿದ್ದಾರಾ ಎಂದು ಪ್ರತಿ ಸಲ ನೋಡಿ.

ಸೀಳಿದ್ದನ್ನು ಅಂಗಳದಲ್ಲಿ ಒಂದೆರಡು ವಾರ ಹರಡಿದರೆ ಮೇಲಿನ ಹಸಿ ಆರುತ್ತದೆ. ಜಾಗ ಇಲ್ಲದಿದ್ದರೆ ನೇರವಾಗಿ ಒಟ್ಟಿ, ಪರವಾಗಿಲ್ಲ.

ಜಾಗ ಮತ್ತು ತಳ

ನಮ್ಮಲ್ಲಿ ಮುಂಗಾರು ಬೀಸುವುದು ನೈಋತ್ಯದಿಂದ. ಪಡುವಣ ದಿಕ್ಕಿಗೆ ತೆರೆದ ಸೌದೆ ಕೊಟ್ಟಿಗೆ ಕಟ್ಟಿದರೆ ಎರಚಲು ನೇರ ಒಳಗೇ ಬರುತ್ತದೆ. ಪಡುವಣ ಗೋಡೆ ಮುಚ್ಚಿ, ಮೂಡಣಕ್ಕೆ ತೆರೆದಿಡಿ. ಬೆಳಗಿನ ಬಿಸಿಲು ಬಿದ್ದರೆ ಅದೂ ಸೌದೆಗೆ ಒಳ್ಳೆಯದು.

ಮನೆಯ ಗೋಡೆಗೆ ಅಂಟಿಸಿ ಒಟ್ಟಬೇಡಿ. ಕನಿಷ್ಠ ಅರ್ಧ ಅಡಿ ಬಿಡಿ. ಆ ಸಂದಿಯಲ್ಲಿ ಗಾಳಿ ಓಡಾಡಬೇಕು, ಜೊತೆಗೆ ಗೆದ್ದಲು ಹತ್ತಿದರೆ ಕಣ್ಣಿಗೆ ಬೀಳಬೇಕು. ಮನೆಯ ಬಾಗಿಲು ಕಿಟಕಿಗೆ ಗೆದ್ದಲು ಬರುವ ಒಂದು ದಾರಿ ಗೋಡೆಗೆ ಒರಗಿದ ಸೌದೆ.

ತಳಕ್ಕೆ ಒಂದು ಗಂಟೆ ಜಾಸ್ತಿ ಖರ್ಚು ಮಾಡಿ. ನೆಲದಿಂದ ಎಂಟು ಇಂಚು ಎತ್ತರ ಬೇಕು. ನಮ್ಮಲ್ಲಿ ಎರಡು ಸಾಲು ಸೈಜುಗಲ್ಲು ಇಟ್ಟು, ಅದರ ಮೇಲೆ ಹಳೆ ಜಿಐ ಪೈಪು ಮಲಗಿಸಿದ್ದೇವೆ. ಪೈಪು ಇಲ್ಲದಿದ್ದರೆ ಗಟ್ಟಿ ಜಾತಿಯ ಗಳ ಆಗುತ್ತದೆ. ಅಡಿಕೆ ದಬ್ಬೆ ಒಂದೇ ಮಳೆಗಾಲಕ್ಕೆ ಕುಂಬಾಗುತ್ತದೆ, ಬೇಡ. ಕಲ್ಲು ಮಟ್ಟವಾಗಿ ಕೂತಿದೆಯಾ ಎಂದು ದಾರ ಹಿಡಿದು ನೋಡಿ. ತಳ ಒಂದು ಇಂಚು ವಾಲಿದರೆ ಮೇಲೆ ಹೋಗುತ್ತಾ ಆ ವಾಲು ಇನ್ನೂ ಹೆಚ್ಚಾಗುತ್ತದೆ.

ಗೆದ್ದಲು ಕಲ್ಲಿನ ಮೇಲೆ ಮಣ್ಣಿನ ಸುರಂಗ ಕಟ್ಟಿಕೊಂಡು ಹತ್ತುತ್ತದೆ. ವಾರಕ್ಕೊಮ್ಮೆ ಪೊರಕೆ ಹಿಡಿದು ಕಲ್ಲು ಗುಡಿಸಿದರೆ ಸಾಕು, ಸುರಂಗ ಮುರಿಯುತ್ತದೆ. ಒಣ ಬೂದಿ ಉದುರಿಸುವುದು ಹಳೆ ಪದ್ಧತಿ. ಮಳೆ ತಾಗದ ಜಾಗದಲ್ಲಿ ಮಾಡಬಹುದು. ಸೌದೆಗೆ ಮಾತ್ರ ಕೀಟನಾಶಕ ಹೊಡೆಯಬೇಡಿ. ನಾಳೆ ಅದೇ ಹೊಗೆ ನಮ್ಮ ಮೂಗಿಗೆ ಬರುತ್ತದೆ, ಅಲ್ವಾ?

ಒಟ್ಟುವ ಕೆಲಸ

ಈ ಕೆಲಸ ನನಗೆ ತುಂಬಾ ಇಷ್ಟ. ಅವಸರ ಮಾಡಬೇಡಿ. ಎರಡು ಜನ ಇದ್ದರೆ ಒಬ್ಬರು ಎತ್ತಿ ಕೊಡಲಿ, ಒಬ್ಬರು ಕೂರಿಸಲಿ.

ಮೊದಲು ಎರಡೂ ತುದಿ ಕಟ್ಟಿ. ನೇರವಾದ, ಒಂದೇ ದಪ್ಪದ ತುಂಡುಗಳನ್ನು ಇದಕ್ಕೆಂದೇ ಆರಿಸಿಡಿ. ಮೂರು ತುಂಡು ಉದ್ದಕ್ಕೆ, ಅದರ ಮೇಲೆ ಮೂರು ಅಡ್ಡಕ್ಕೆ, ಮತ್ತೆ ಮೂರು ಉದ್ದಕ್ಕೆ. ಹೀಗೆ ಚೌಕದ ಗೋಪುರ ಏಳಬೇಕು. ಒಂದೊಂದು ತುಂಡು ಇಟ್ಟಾಗಲೂ ಕೈಯಿಂದ ಅಲ್ಲಾಡಿಸಿ ನೋಡಿ. ಗಡಗಡ ಅಂದರೆ ತಿರುಗಿಸಿ ಇಡಿ, ಇಲ್ಲವೇ ಬೇರೆ ತುಂಡು ಹಾಕಿ. ಈ ಗೋಪುರಗಳು ನೆಟ್ಟಗೆ ನಿಂತರೆ ನಡುವಿನ ಸೌದೆ ಎಲ್ಲಿಗೂ ಜಾರುವುದಿಲ್ಲ. ಎರಡೂ ಬದಿ ಗಟ್ಟಿ ಕಂಬ ಇದ್ದರೆ ಗೋಪುರ ಬೇಕಿಲ್ಲ.

ನಡುವೆ ತುಂಡುಗಳನ್ನು ಒಂದೇ ದಿಕ್ಕಿಗೆ ಮಲಗಿಸಿ, ಕತ್ತರಿಸಿದ ಮುಖ ಹೊರಗೆ ಬರಲಿ. ನೀರು ಹೋಗುವ ಬಾಯಿ ಅದೇ. ಅದಕ್ಕೆ ಗಾಳಿ ತಾಗಬೇಕು. ತುಂಡಿನ ಒಂದು ತುದಿ ದಪ್ಪ, ಇನ್ನೊಂದು ಸಪೂರ ಇರುತ್ತದೆ. ಒಂದನ್ನು ಈಚೆಗೆ ದಪ್ಪ, ಪಕ್ಕದ್ದನ್ನು ಆಚೆಗೆ ದಪ್ಪ ಮಾಡಿ ಇಡುತ್ತಾ ಹೋದರೆ ಸಾಲು ಮಟ್ಟವಾಗಿ ಏಳುತ್ತದೆ. ಎಲ್ಲ ದಪ್ಪ ತುದಿಯೂ ಮುಂದೆ ಬಂದರೆ ಒಟ್ಟು ಹಿಂದಕ್ಕೆ ಬೀಳುತ್ತದೆ.

ಸಂದಿ ಕಂಡಲ್ಲೆಲ್ಲ ಚೂರು ತುರುಕುವ ಆಸೆ ಬರುತ್ತದೆ. ತುರುಕಬೇಡಿ. ಎರಡು ಬೆರಳು ಹೋಗುವ ಸಂದಿ ಇರಲೇಬೇಕು. ದೂರ ನಿಂತು ನೋಡಿದರೆ ಅಲ್ಲಲ್ಲಿ ಆಚೆಯ ಬೆಳಕು ಕಾಣಬೇಕು. ಮೇಲಿನ ತುಂಡು ಕೆಳಗಿನ ಎರಡು ತುಂಡುಗಳ ನಡುವಿನ ತಗ್ಗಿನಲ್ಲಿ ಕೂರಲಿ, ಒಂದರ ನೆತ್ತಿಯ ಮೇಲೆ ಇನ್ನೊಂದು ನಿಲ್ಲುವುದು ಬೇಡ. ಒಂದು ಅಡಿ ಏರಿದ ಮೇಲೆ ಎರಡು ಸಪೂರ ಕೋಲುಗಳನ್ನು ಸಾಲಿನ ಉದ್ದಕ್ಕೆ ಮಲಗಿಸಿ ಮತ್ತೆ ಮುಂದುವರಿಸಿ. ಅಜ್ಜಿ ಇದನ್ನು "ಸೊಂಟಪಟ್ಟಿ" ಅನ್ನುತ್ತಿದ್ದರು. ಸೌದೆ ಒಣಗಿ ಕುಗ್ಗಿದಾಗ ಒಟ್ಟು ಒಡೆಯದಂತೆ ಅದು ಹಿಡಿದಿಡುತ್ತದೆ.

ತೊಗಟೆ ಮೇಲೋ ಕೆಳಗೋ ಎಂದು ಕೇಳುವವರಿದ್ದಾರೆ. ಮಾಡಿನ ಕೆಳಗಾದರೆ ಹೇಗಿಟ್ಟರೂ ಸರಿ. ಬಯಲಲ್ಲಾದರೆ ಮೇಲಿನ ಎರಡು ಸಾಲು ತೊಗಟೆ ಮೇಲೆ ಬರುವಂತೆ ಇಡಿ, ಹಂಚಿನಂತೆ ನೀರು ಜಾರಿಸುತ್ತದೆ.

ಎತ್ತರ ತುಂಡಿನ ಉದ್ದದ ಮೂರು ಪಟ್ಟು ದಾಟಬಾರದು. ಒಂದೂವರೆ ಅಡಿ ತುಂಡಿಗೆ ನಾಲ್ಕೂವರೆ ಅಡಿ ಸಾಕು. ಅದಕ್ಕಿಂತ ಮೇಲೆ ಹೋದರೆ ಕುಸಿಯುವ ಭಯ, ಮಕ್ಕಳಿರುವ ಮನೆಯಲ್ಲಿ ಅದು ಬೇಡವೇ ಬೇಡ. ಎರಡು ಸಾಲು ಹಿಂದುಮುಂದೆ ಇದ್ದರೆ ನಡುವೆ ನಾಲ್ಕು ಇಂಚು ಬಿಡಿ. ಒಟ್ಟಿದ ತಿಂಗಳನ್ನು ತುದಿಯ ತುಂಡಿನ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದಿಡಿ.

ಕೊಡೆ

ಹಂಚಿನ ಮಾಡಾದರೂ ಸರಿ, ಶೀಟಾದರೂ ಸರಿ, ಸೂರು ಎರಡು ಅಡಿ ಮುಂದೆ ಚಾಚಿರಬೇಕು. ಸೌದೆಗೂ ಶೀಟಿಗೂ ನಡುವೆ ಒಂದು ಅಡಿ ಜಾಗ ಇರಲಿ. ಮಾಡಿನ ನೀರು ಬೀಳುವಲ್ಲಿ ಜಲ್ಲಿ ಹಾಕಿ, ಇಲ್ಲದಿದ್ದರೆ ಕೆಸರು ಸಿಡಿದು ಕೆಳಗಿನ ಸಾಲು ನೆನೆಯುತ್ತದೆ. ಟಾರ್ಪಾಲು ಬಿಟ್ಟರೆ ಬೇರೆ ದಾರಿ ಇಲ್ಲ ಅನ್ನುವವರು ನೆತ್ತಿ ಮಾತ್ರ ಮುಚ್ಚಿ, ಬದಿಗೆ ಒಂದು ಅಡಿ ಇಳಿಯಬಿಟ್ಟು ಕಟ್ಟಿ. ಎರಚಲು ಬರುವ ಬದಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿದರೆ ನೀರು ತಡೆಯುತ್ತದೆ, ಗಾಳಿ ಬಿಡುತ್ತದೆ. ಪ್ಲಾಸ್ಟಿಕ್ಕಿಗಿಂತ ಅದು ನನಗೆ ಹೆಚ್ಚು ಹಿಡಿಸುತ್ತದೆ.

ಚೆಂದಕ್ಕೂ ಸೌದೆ

ಚಿಕ್ಕಮಗಳೂರು, ಸಕಲೇಶಪುರದ ಕಡೆ ಈಗ ಹೋಂಸ್ಟೇ ಜಾಸ್ತಿ. ಜಗಲಿಯ ಗೋಡೆಗೆ ಸೌದೆ ಜೋಡಿಸಿ ಅಂದ ಮಾಡುವುದನ್ನು ಹಲವರು ಮಾಡುತ್ತಾರೆ. ನಮ್ಮ ಮನೆಯಲ್ಲೂ ಇದೆ. ಚೆನ್ನಾಗಿ ಒಟ್ಟಿದ ಸೌದೆಯೇ ಅರ್ಧ ಅಲಂಕಾರ, ಉಳಿದದ್ದು ಆಯ್ಕೆಯ ಕೆಲಸ.

ದುಂಡು ಕೊಂಬೆಗಳನ್ನೂ ಸೀಳಿದ ಚಕ್ಕೆಗಳನ್ನೂ ಬೆರೆಸಬೇಡಿ. ಒಂದು ಚೌಕದಲ್ಲಿ ದುಂಡು ಮುಖಗಳೇ ಇರಲಿ, ಪಕ್ಕದ್ದರಲ್ಲಿ ಚಕ್ಕೆ. ಬಣ್ಣವೂ ನೆರವಿಗೆ ಬರುತ್ತದೆ. ಸಿಲ್ವರಿನ ನಸುಗೆಂಪು, ಹಲಸಿನ ಹಳದಿ, ಕಾಫಿ ಬೊಡ್ಡೆಯ ಬಿಳಿ. ಬಿಳಿ ಮುಖಗಳ ನಡುವೆ ಹಲಸಿನ ತುಂಡುಗಳನ್ನು ಬಳೆಯ ಆಕಾರಕ್ಕೆ ಕೂರಿಸಿ ನೋಡಿ, ತಾಮ್ರದ ಹಂಡೆಯ ಪಕ್ಕ ಅದು ತುಂಬಾ ಒಪ್ಪುತ್ತದೆ. ಚಿತ್ರ ಮಾಡುವಾಗ ಮೊದಲು ನೆಲದ ಮೇಲೆ ಮಲಗಿಸಿ ಜೋಡಿಸಿ, ಆಮೇಲೆ ಕೆಳಗಿನ ಸಾಲಿನಿಂದ ಎತ್ತಿಡಿ.

ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಇಂಚಿನ ಚೌಕ ಪೈಪಿನ ಫ್ರೇಮ್ ಮಾಡಿಸಬಹುದು. 3 ಅಡಿ ಅಗಲ, 5 ಅಡಿ ಎತ್ತರ, ಒಂದು ಅಡಿ ಆಳ. ನಡುವೆ ಒಂದು ಅಡ್ಡ ಪಟ್ಟಿ ಇರಲಿ, ಹಿಂದಿನಿಂದ ಗೋಡೆಗೆ ಬೋಲ್ಟ್ ಹಾಕಿಸಿ. ಇಷ್ಟು ತುಂಬಿದರೆ 150 ಕಿಲೋ ಮೇಲೆ ಭಾರ ಬರುತ್ತದೆ, ಸುಮ್ನೆ ಒರಗಿಸಿ ಇಡುವುದು ಅಪಾಯ. ಹುಲ್ಲಿನ ಗೊಣಬೆಯಂತೆ ದುಂಡಗೆ ಒಟ್ಟುವುದೂ ಚೆಂದವೇ. ಆದರೆ ಬಯಲಲ್ಲಿ ಅದು ನಮ್ಮ ಮಳೆಗೆ ತಡೆಯುವುದಿಲ್ಲ, ಬೇಸಿಗೆಗೆ ಮಾತ್ರ ಮಾಡಿ.

ಅಲಂಕಾರದ ಸೌದೆ ಪೂರ್ತಿ ಒಣಗಿರಬೇಕು. ಹಸಿ ಇದ್ದರೆ ಗೋಡೆಗೆ ಬೂಷ್ಟು, ಮನೆಯೊಳಗೆ ಹುಳ. ಸಣ್ಣ ತೂತಿನಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಆ ತುಂಡನ್ನು ಅಂದೇ ಒಲೆಗೆ ಹಾಕಿ. ಉರಿಸುವ ಸೌದೆಗೆ ವಾರ್ನಿಷ್ ಬಳಿಯಬೇಡಿ. ಒಲೆಯಿಂದ, ಹೊಗೆ ಕೊಳವೆಯಿಂದ ಮೂರು ಅಡಿ ದೂರ ಇರಲಿ.

ಕೈ ಹಾಕುವ ಮೊದಲು

ಸೌದೆ ಸಂದಿಯಲ್ಲಿ ಇಲಿ ಇರುತ್ತದೆ, ಇಲಿ ಹುಡುಕಿಕೊಂಡು ಹಾವು ಬರುತ್ತದೆ. ನಾಗರ, ಕೊಳಕುಮಂಡಲ, ಕಟ್ಟುಹಾವು ಮೂರೂ ನಮ್ಮ ಕಡೆ ಇವೆ. ಕಟ್ಟುಹಾವು ಕಚ್ಚಿದ್ದು ಎಷ್ಟೋ ಸಲ ನೋವೇ ಆಗುವುದಿಲ್ಲ, ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಆದ್ದರಿಂದ ರಾತ್ರಿಗೆ ಬೇಕಾದ ಸೌದೆಯನ್ನು ಸಂಜೆ ಬೆಳಕಿದ್ದಾಗಲೇ ತಂದಿಡಿ. ಮೊದಲು ಕೋಲಿನಿಂದ ಒಟ್ಟನ್ನು ನಾಲ್ಕು ಸಲ ಬಡಿಯಿರಿ, ಒಂದು ನಿಮಿಷ ಬಿಡಿ. ಬೂಟು, ದಪ್ಪ ಕೈಗವಸು ಹಾಕಿಕೊಳ್ಳಿ. ತುಂಡನ್ನು ಮುಂದಿನಿಂದ ಹಿಡಿದು ಎಳೆಯಿರಿ, ಹಿಂದೆ ಕೈ ತೂರಿಸಬೇಡಿ. ಕೊಟ್ಟಿಗೆ ಸುತ್ತ ಹುಲ್ಲು ಬೆಳೆಯಲು ಬಿಡಬೇಡಿ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಭಾಗ ಅಲ್ಲಾಡಿಸದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ.

ತೆಗೆಯುವುದು, ಒಳಗೆ ತರುವುದು

ಒಣಗಿದೆಯಾ ಎಂದು ತಿಳಿಯಲು ಎರಡು ತುಂಡು ಒಂದಕ್ಕೊಂದು ಬಡಿಯಿರಿ. ಒಣಗಿದ್ದು ಠಣ್ ಅನ್ನುತ್ತದೆ, ಹಸಿಯದ್ದು ದಬ್ ಅನ್ನುತ್ತದೆ. ತುದಿಯಲ್ಲಿ ನಕ್ಷತ್ರದಂತೆ ಬಿರುಕು ಬಿಟ್ಟಿರಬೇಕು, ತೊಗಟೆ ಉಗುರಿಗೆ ಏಳಬೇಕು. ಉರಿಯುವಾಗ ಹಿಂದಿನ ತುದಿಯಲ್ಲಿ ನೊರೆ ಬಂದು ಚುಂಯ್ ಅಂದರೆ ಇನ್ನೂ ನೀರಿದೆ ಎಂದರ್ಥ.

ಹಳೆಯದನ್ನು ಮೊದಲು ತೆಗೆಯಿರಿ. ಒಂದು ತುದಿಯಿಂದ ಶುರು ಮಾಡಿ ಮೇಲಿನಿಂದ ಕೆಳಗೆ ಮೆಟ್ಟಿಲಿನಂತೆ ಇಳಿಸುತ್ತಾ ಬನ್ನಿ. ನಡುವಿನಿಂದ ಕಿತ್ತರೆ ಇಡೀ ಸಾಲು ಮೈಮೇಲೆ ಬರುತ್ತದೆ.

ಪುಷ್ಯ, ಆಶ್ಲೇಷ ಮಳೆಯ ಹೊತ್ತಿಗೆ ಗಾಳಿಯೇ ಒದ್ದೆ. ಗಾಳಿಯ ತೇವ ನೂರಕ್ಕೆ 90 ಇದ್ದರೆ ಮಾಡಿನ ಕೆಳಗಿನ ಒಣ ಸೌದೆಯೂ ತೇವ ಎಳೆದುಕೊಂಡು 20ರ ಹತ್ತಿರ ಬಂದು ನಿಲ್ಲುತ್ತದೆ. ಇದಕ್ಕೆ ಹಳೆ ಮನೆಗಳಲ್ಲಿ ಒಲೆಯ ಮೇಲೆ ಅಟ್ಟ ಇತ್ತು. ಅಟ್ಟ ಇಲ್ಲದವರು ಬಚ್ಚಲುಮನೆಯಲ್ಲಿ ಒಲೆಯಿಂದ ಮೂರು ಅಡಿ ಆಚೆ ಒಂದು ಕಬ್ಬಿಣದ ಸ್ಟ್ಯಾಂಡ್ ಇಟ್ಟು ವಾರದ ಸೌದೆ ಹಾಕಿ. ಹೊಸದು ಮೇಲಿನ ಅಂತಸ್ತಿಗೆ, ಉರಿಸುವುದು ಕೆಳಗಿನಿಂದ. ಪುಳ್ಳೆ, ಕರಟ, ಒಣ ಅಡಿಕೆ ಸಿಪ್ಪೆ ಬೇರೆ ಚೀಲದಲ್ಲಿ ತೂಗುಹಾಕಿ. ಬೆಳಿಗ್ಗೆ ಐದು ಗಂಟೆಗೆ ಎದ್ದು ಬೆಂಕಿ ಹಾಕುವವರ ಕಷ್ಟ ಅರ್ಧ ಕಡಿಮೆಯಾಗುತ್ತದೆ.

ದೀಪಾವಳಿಯ ಹೊತ್ತಿಗೆ ನಮ್ಮ ಒಂದು ಸಾಲು ಪೂರ್ತಿ ಖಾಲಿಯಾಗಿರುತ್ತದೆ. ಉಳಿದದ್ದನ್ನು ಒಂದು ಬದಿಗೆ ಎತ್ತಿ, ಪೈಪು ಕಲ್ಲು ಸರಿಸಿ, ತಳದ ತೊಗಟೆ ಪುಡಿಯನ್ನೆಲ್ಲ ಬಾಚಿ ತೆಂಗಿನ ಬುಡಕ್ಕೆ ಹಾಕುತ್ತೇವೆ. ಎರಡು ಮೂರು ದಿನ ನೆಲಕ್ಕೆ ಬಿಸಿಲು ಕೊಟ್ಟು ಕಲ್ಲು ಮತ್ತೆ ಮಟ್ಟ ಮಾಡಿ ಕೂರಿಸುತ್ತೇವೆ. ಹಳೆ ಸೌದೆಯನ್ನು ಮೂಡಣ ತುದಿಗೆ ಒಟ್ಟಿ, ಮರಗಸಿಯ ಹೊಸ ಸೌದೆಗೆ ಪಡುವಣ ತುದಿ ಖಾಲಿ ಬಿಡುತ್ತೇವೆ.